ನೆಲಕ್ಕಿಂತ ಒಂದು ಮೊಳ ಕೆಳಗೆ

ಮಂಡ್ಯದ ಮೂಳೆ ಡಾಕ್ಟರು ನನ್ನ ಸೊಂಟದ ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈ ನೋವು ಪೂರ್ತಿ ಹೋಗೋದಿಲ್ಲಮ್ಮ, ಇದರ ಜೊತೆಗೇ ಬಾಳೋದನ್ನ ಕಲೀಬೇಕು" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಚೌಡಯ್ಯನಂಥ ಗಂಡನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಅದೊಂದು ಹೊಸ ಪಾಠವೇ? ಪಕ್ಕದಲ್ಲಿ ನಿಂತಿದ್ದ ಚೌಡಯ್ಯ ಮಾತ್ರ ನಗಲಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದವನು ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗುವ ಬದಲು ಸೋಫಾ ಅಂಗಡಿಗೆ ಕರೆದುಕೊಂಡು ಹೋದ.

ನನ್ನ ಹೆಸರು ಚಿಕ್ಕಮಾದಮ್ಮ. ಆದರೆ ಪೂರಿಗಾಲಿಯಲ್ಲಿ ಟೀಚರಮ್ಮ ಎಂದು ಕೇಳಿದರೇ ನಮ್ಮ ಮನೆ ತೋರಿಸುವುದು. ನಮ್ಮ ಬೀದಿಯ ಅರ್ಧ ಜನ ಅಂಗನವಾಡಿಯಲ್ಲಿ ನನ್ನ ಕೈಯ ಉಪ್ಪಿಟ್ಟು ತಿಂದು ಬೆಳೆದವರು. ಮಕ್ಕಳ ಸರಿಸಮಕ್ಕೆ ನೆಲದ ಮೇಲೆ ಕೂತು ಕೂತೇ ರಿಟೈರ್ಡ್ ಆದವಳು ನಾನು. ಈಗ ಅದೇ ನೆಲ ನನಗೆ ಆಗಿಬರುವುದಿಲ್ಲ. ಕಾಲು ಮಡಿಸಿ ಕೂತರೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಸೊಂಟದ ಬಲಗಡೆಯಿಂದ ಹಿಮ್ಮಡಿಯವರೆಗೆ ಉರಿ ಇಳಿಯುತ್ತದೆ. ನಿಂತರೆ ಕಾಲು ಜೋಮು ಹಿಡಿಯುತ್ತದೆ. ಮಲಗಿದರೆ ಪರವಾಗಿಲ್ಲ, ಆದರೆ ಮಲಗಿಕೊಂಡೇ ಕಾಲ ಹಾಕುವುದಕ್ಕೆ ನಾನೇನು ಶ್ರೀರಂಗಪಟ್ಟಣದ ರಂಗನಾಥಸ್ವಾಮಿಯೇ?

ಸೋಫಾ ಬಂತು. ಅದರಲ್ಲಿ ಕೂತರೆ ಗದ್ದೆಯ ಕೆಸರಿನಲ್ಲಿ ಕೂತ ಹಾಗೆ ಒಳಗೊಳಗೇ ಇಳಿದುಹೋಗುತ್ತಿದ್ದೆ, ಮೇಲೆ ಎತ್ತುವುದಕ್ಕೆ ಇಬ್ಬರು ಬೇಕಾಗುತ್ತಿತ್ತು. ಆಮೇಲೆ ಆಫೀಸರುಗಳು ಕೂರುವಂಥ ತಿರುಗುವ ಕುರ್ಚಿ ಬಂತು. ನಾನು ಕುಳ್ಳಿ, ಕಾಲು ನೆಲಕ್ಕೆ ಎಟಕದೆ ಜೋತಾಡುತ್ತಿತ್ತು, ತೊಡೆಯ ಹಿಂಭಾಗ ಕೊಯ್ದುಹೋಗುತ್ತಿತ್ತು. ಕೊತ್ತತ್ತಿಯ ನಾದಿನಿ ಮನೆಯಿಂದ ಬೆತ್ತದ ಕುರ್ಚಿ ಬಂತು. ಕೊನೆಗೆ ತೇಗದ ಮರದ್ದೊಂದು ಬಂತು, ಅದರ ಬೆನ್ನಿಗೆ ಎರಡು ನವಿಲು ಕೆತ್ತಿದ್ದರು, ಎರಡರ ಕೊಕ್ಕೂ ಸರಿಯಾಗಿ ನನ್ನ ನೋಯುವ ಜಾಗಕ್ಕೇ ಚುಚ್ಚುತ್ತಿದ್ದವು. ಬಂದವರೆಲ್ಲ "ಏನ್ ಟೀಚರಮ್ಮ, ಮನೇಲಿ ಮೀಟಿಂಗಾ?" ಎಂದು ಕೇಳತೊಡಗಿದರು.

ನನ್ನ ಗಂಡನ ಕುರ್ಚಿ ಹುಚ್ಚಿಗೆ ಕಾರಣ ಇಲ್ಲದೆ ಇಲ್ಲ. ಅವನ ಅಪ್ಪ ಮರಿಯಯ್ಯ ಜೀವಮಾನವೆಲ್ಲ ದೊಡ್ಡಮನೆಯ ಜಗಲಿಯ ಕೆಳಗೆ, ಮಣ್ಣಿನ ಮೇಲೆ ಕೂತು ಕೂಲಿ ಇಸಿದುಕೊಂಡವನು. ಜಗಲಿ ಮೇಲೆ ಜಾಗ ಖಾಲಿ ಇದ್ದರೂ ನಮ್ಮವರು ಹತ್ತುವ ಹಾಗಿರಲಿಲ್ಲ. ಚೌಡಯ್ಯ ಓದಿ ಹೈಸ್ಕೂಲಿನಲ್ಲಿ ಅಟೆಂಡರ್ ಆದ. ಆದರೆ ಅಟೆಂಡರ್ ಕೆಲಸ ಎಂದರೆ ಬೇರೆಯವರ ಕುರ್ಚಿ ಒರೆಸಿ ಬಾಗಿಲ ಹತ್ತಿರ ನಿಲ್ಲುವುದು. ಮನೆ ಕಟ್ಟಿಸಿದ ದಿನವೇ ಶಪಥ ಮಾಡಿದ, ತನ್ನ ಹೊಸ್ತಿಲು ದಾಟಿ ಬಂದ ಯಾರೂ ನೆಲದ ಮೇಲೆ ಕೂರಬಾರದು ಎಂದು. ತಮಾಷೆ ಏನು ಗೊತ್ತೇ? ಮನೆ ತುಂಬ ಕುರ್ಚಿ ತುಂಬಿಸಿದ ಈ ಮನುಷ್ಯ ತಾನು ಮಾತ್ರ ನಾಲ್ಕು ಜನ ಸೇರಿದ ಕಡೆ ಕೂತಿದ್ದನ್ನು ನಾನು ಕಂಡಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇರುತ್ತಾನೆ. ಅಭ್ಯಾಸ.

ಈ ಕುರ್ಚಿಗಳನ್ನು ನಾನು ಹೇಗೋ ಸಹಿಸಿಕೊಂಡು ಇದ್ದುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಮಗಳು ಮಂಜುಶ್ರೀಗೆ ಮದುವೆ ಗೊತ್ತಾಯಿತು. ಅವಳು ಮದ್ದೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಗಂಡು ಕೊಕ್ಕರೆ ಬೆಳ್ಳೂರಿನ ಪ್ರಸನ್ನ, ಒಳ್ಳೆಯ ಹುಡುಗ. ಮದುವೆ ಎಂದಾಗ ಉಳಿದ ತಾಯಂದಿರಿಗೆ ಸೀರೆ, ಒಡವೆ, ಅಡುಗೆಯವರ ಚಿಂತೆ. ನನಗೆ ಸೋಬಾನೆಯ ಚಿಂತೆ.

ನಮ್ಮ ಬೀದಿಯಲ್ಲಿ ಯಾರ ಮನೆಯ ಅರಿಶಿನವಾದರೂ ಸೋಬಾನೆಯ ಸೊಲ್ಲು ಎತ್ತುವವಳು ನಾನೇ. ಹಸೆಯ ಮೇಲೆ ಹೆಣ್ಣು ಕೂರುತ್ತಾಳೆ, ಸುತ್ತ ಹೆಂಗಸರು ಎರಡು ಗುಂಪಾಗಿ ಭುಜಕ್ಕೆ ಭುಜ ತಾಗಿಸಿಕೊಂಡು ಚಾಪೆಯ ಮೇಲೆ ಕೂರುತ್ತಾರೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ. ಹೆಣ್ಣು ಹಸೆಯಿಂದ ಏಳುವವರೆಗೆ ಸೊಲ್ಲು ತುಂಡಾಗಬಾರದು, ಅದು ನಮ್ಮಲ್ಲಿ ಕಟ್ಟುನಿಟ್ಟು. ಹೋದ ವರ್ಷ ಪಕ್ಕದ ಬೀದಿಯ ಮದುವೆಯಲ್ಲಿ ನಾನು ಕುರ್ಚಿಯ ಮೇಲೆ ಕೂತು ಹಾಡಿದೆ. ನನ್ನ ದನಿ ಎಲ್ಲರ ತಲೆಯ ಮೇಲೆ ಹಾರಿ ಗೋಡೆಗೆ ಹೊಡೆಯಿತೇ ಹೊರತು ಯಾರ ಕಿವಿಗೂ ಬೀಳಲಿಲ್ಲ. ಫೋಟೋ ತೆಗೆಯುವವನು "ಅಜ್ಜಿ, ಒಸಿ ಪಕ್ಕಕ್ಕೆ ಓಗಿ" ಅಂದ. ನಡುವೆ ಸೊಂಟ ಹಿಡಿದು ಸೊಲ್ಲು ಬಾಯಲ್ಲೇ ನಿಂತಿತು, ಅಂಕಮ್ಮ ಲಬಕ್ಕನೆ ಎತ್ತಿಕೊಂಡಳು.

ಈ ಅಂಕಮ್ಮ ಎದುರುಮನೆಯವಳು. ನನ್ನ ಗೆಳತಿ, ಆದರೆ ಪೈಪೋಟಿಯಲ್ಲಿ ಸವತಿಗಿಂತ ಹೆಚ್ಚು. ಮಂಜುವಿನ ಮದುವೆ ಗೊತ್ತಾದ ಸಂಜೆಯೇ ಬಂದು ನನ್ನ ಕೈ ಹಿಡಿದು, "ನೀನೇನೂ ಯೋಚ್ನೆ ಮಾಡ್ಬ್ಯಾಡ ಕಣವ್ವ. ನವಿಲ್ ಕುರ್ಚಿ ಮ್ಯಾಲೆ ಕುಂತ್ಕೊಂಡು ನೋಡ್ತಿರು. ಸೊಲ್ಲು ನಾನೆತ್ತುತೀನಿ" ಅಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಊರವರ ಮಕ್ಕಳಿಗೆಲ್ಲ ಹಾಡಿ ಹರಸಿದವಳು ನನ್ನ ಒಬ್ಬಳೇ ಮಗಳಿಗೆ ಬಾಯಿ ಮುಚ್ಚಿ ಕೂರಬೇಕೇ? ಅವತ್ತೇ ತೀರ್ಮಾನ ಮಾಡಿದೆ. ನನ್ನ ಮನೆಯಲ್ಲಿ, ನನ್ನ ಮಗಳ ಹಸೆಯ ಪಕ್ಕದಲ್ಲಿ, ಎಲ್ಲರ ಸರಿಸಮಕ್ಕೆ ಕೂತು, ಅವಳು ಏಳುವವರೆಗೆ ನಾನೇ ಸೊಲ್ಲು ಎತ್ತುವವಳು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮೊದಲು ಒಂದು ಮರದ ಕುರ್ಚಿಯ ಕಾಲುಗಳನ್ನು ಗರಗಸದಲ್ಲಿ ಕೊಯ್ದೆ. ಎತ್ತರ ಕಡಿಮೆಯಾಯಿತು, ಆದರೆ ಕೂತರೆ ಮಂಡಿ ಗದ್ದಕ್ಕೆ ಬಂದು ಸೊಂಟ ಇನ್ನೂ ಕೆಟ್ಟದಾಗಿ ಮಡಚಿಕೊಂಡಿತು. ಅದನ್ನು ನೋಡಿ ಚೌಡಯ್ಯ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಕುರ್ಚಿ ಸತ್ತ ಸೂತಕ.

ಉಪಾಯ ಸಿಕ್ಕಿದ್ದು ಹುಡುಕದೆ ಇದ್ದಾಗ. ನನ್ನ ಅಕ್ಕನ ಮಗ ಮಹದೇವು ಗಾರೆ ಕೆಲಸದವನು, ಮಳವಳ್ಳಿಯಲ್ಲಿ ಸ್ವಂತಕ್ಕೊಂದು ಮನೆ ಕಟ್ಟಿಸುತ್ತಿದ್ದಾನೆ. ಪಾಯದ ಪೂಜೆಗೆ ಹೋಗಿದ್ದೆ. ಪೂಜೆ ಮುಗಿದು ಎಲ್ಲರೂ ಮಣ್ಣಿನ ಮೇಲೇ ಕೂತು ಮಂಡಕ್ಕಿ ತಿನ್ನುತ್ತಿದ್ದರು. ನಾನು ಪಾಯದ ಅಂಚಿನಲ್ಲಿ ಕೂತು, ಕಾಲನ್ನು ಹಳ್ಳದೊಳಗೆ ಇಳಿಬಿಟ್ಟು, ಅಲ್ಲಿ ಹಾಸಿದ್ದ ಕಲ್ಲಿನ ಮೇಲೆ ಪಾದ ಊರಿದೆ. ಬೆನ್ನಿಗೆ ಅಗೆದು ಸುರಿದ ಮಣ್ಣಿನ ಗುಡ್ಡೆ ಇತ್ತು, ಸುಮ್ಮನೆ ಒರಗಿದೆ. ಮಾತಿಗೆ ಮಾತು ಬೆಳೆಯಿತು. ಮಂಡಕ್ಕಿ ಮುಗಿದು, ಕಾಫಿ ಮುಗಿದು, ಮೂರು ಮನೆಯ ಜಗಳದ ಸುದ್ದಿ ಮುಗಿದು, ಎದ್ದು ಸೆರಗು ಕೊಡವಿಕೊಂಡೆ.

ಎದ್ದ ಮೇಲೆ ಗೊತ್ತಾಯಿತು, ಯಾರ ಕೈಯನ್ನೂ ಹಿಡಿಯದೆ ಎದ್ದಿದ್ದೇನೆ ಎಂದು. ಅಷ್ಟು ಹೊತ್ತು ಸೊಂಟ ಎನ್ನುವುದೊಂದು ಇದೆ ಎಂಬ ನೆನಪೇ ಆಗಿರಲಿಲ್ಲ. ನಾನು ಮತ್ತೆ ಕೂತೆ, ಮತ್ತೆ ಎದ್ದೆ, ಮತ್ತೆ ಕೂತೆ. ಕಣ್ಣಲ್ಲಿ ನೀರು ಬಂತು.

"ಯಾಕ್ ಚಿಕ್ಕವ್ವ, ಏನಾಯ್ತು?" ಎಂದು ಮಹದೇವು ಓಡಿ ಬಂದ.

"ಲೇ ಮಾದೇವ, ಇಂತಾದೇ ಒಂದ್ ಗುಂಡಿ ನಮ್ಮ ನಡುಮನೇಲಿ ತೋಡ್ಕೊಡ್ಲಾ" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. "ಚಿಕ್ಕಪ್ಪ ನನ್ನ ಅದೇ ಗುಂಡೀಲಿ ಊತಾಕ್ಬುಡ್ತಾನೆ" ಅಂದ.

ಲೆಕ್ಕ ಸರಳವಾಗಿತ್ತು. ಎಲ್ಲರ ಸಮಕ್ಕೆ ಕೂರಬೇಕಾದರೆ ನಾನು ನೆಲದಲ್ಲಿರಬೇಕು, ಸೊಂಟ ಮಡಚದೆ ಇರಬೇಕಾದರೆ ಕಾಲು ನೆಲಕ್ಕಿಂತ ಕೆಳಗಿರಬೇಕು. ಇದಕ್ಕೆ ಹೊಂದುವ ಕುರ್ಚಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಚೌಡಯ್ಯ ಲಗ್ನಪತ್ರಿಕೆ ಹಿಡಿದು ಕೊತ್ತತ್ತಿಗೆ ಹೊರಟ ದಿನ ಬೆಳಿಗ್ಗೆ, ಅವನ ಬಸ್ಸು ತಿರುವು ದಾಟುವುದನ್ನೇ ಕಾದು ಮಹದೇವುಗೆ ಫೋನು ಮಾಡಿದೆ.

ಅವನು ಟೈಲ್ಸ್ ಕೊಯ್ಯುವ ಮಿಷನ್ನು ತಂದ. ಧೂಳು ಬೀದಿಗೆ ನುಗ್ಗದಿರಲಿ ಎಂದು ನಾನು ಬಾಗಿಲು ಕಿಟಕಿ ಎಲ್ಲ ಮುಚ್ಚಿದೆ. ಒಬ್ಬಳಿಗೆ ಎಂದು ಅಳತೆ ಹಾಕಿದ್ದು, ಪಕ್ಕದ ಟೈಲ್ಸ್ ಕೂಡ ಒಡೆದುಹೋಗಿ ಗುಂಡಿ ಇಬ್ಬರು ಕೂರುವಷ್ಟು ಅಗಲವಾಯಿತು. ಒಂದು ಮೊಳ ಆಳ. ತಳಕ್ಕೆ ನುಣುಪಾದ ಕಲ್ಲು ಹಾಸಿದ. ಮಣ್ಣನ್ನು ಗೋಣಿಚೀಲದಲ್ಲಿ ತುಂಬಿ ಹಿತ್ತಲ ಬಾಗಿಲಿನಿಂದ ಹೊರಗೆ ಸಾಗಿಸಿದೆವು.

ತಪ್ಪಾಗಿದ್ದು ಅಲ್ಲೇ. ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು, ನಡುಮನೆ ಅಗೆದು, ಚೀಲಗಳನ್ನು ಹಿತ್ತಲಿನಿಂದ ಸಾಗಿಸಿದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಎದುರುಮನೆಯ ಅಂಕಮ್ಮ ಚೀಲ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಟೀಚರಮ್ಮನ ಮನೆಯಲ್ಲಿ ನಿಧಿ ಸಿಕ್ಕಿತು. ಸಂಜೆಯ ಹೊತ್ತಿಗೆ ಅದು ಏಳು ಕೊಪ್ಪರಿಗೆಯಾಗಿ, ಅದರ ಮೇಲೊಂದು ಸರ್ಪವೂ ಕೂತಿತ್ತು. ಕೊತ್ತತ್ತಿಯಿಂದ ಬಂದು ಬಸ್ಸಿಳಿದ ಚೌಡಯ್ಯನಿಗೆ ಟೀ ಅಂಗಡಿಯವರು ಎದ್ದು ನಿಂತು ಕೈಮುಗಿದರಂತೆ. "ಇನ್ಮ್ಯಾಕೆ ನೀನ್ಯಾಕಣ್ಣ ಬಸ್ಸಲ್ಲಿ ಓಡಾಡೀಯೆ, ಕಾರ್ ತಕೊ ಬುಡು" ಅಂದರಂತೆ.

ಅವನು ಏದುಸಿರು ಬಿಡುತ್ತ ಮನೆಗೆ ಬಂದಾಗ ಅಂಗಳದಲ್ಲಿ ಅರ್ಧ ಬೀದಿ ನೆರೆದಿತ್ತು. ಬಾಗಿಲು ದೂಡಿದರೆ ನಾನು ಹೊಸ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆ. ತಿರುಗುವ ಕುರ್ಚಿಯ ಬೆನ್ನನ್ನು ಬಿಚ್ಚಿಸಿ ನನ್ನ ಹಿಂದೆ ನೆಲಕ್ಕೆ ಬೋಲ್ಟು ಹಾಕಿಸಿದ್ದೆ. ಅವನ ಹಿಂದೆಯೇ ಒಳಗೆ ನುಗ್ಗಿದ ಅಂಕಮ್ಮ ಗುಂಡಿಗೆ ಇಣುಕಿ, "ಎಲ್ಲವ್ವ ಕೊಪ್ಪರ್ಗೆ?" ಅಂದಳು.

"ಇಗೋ" ಎಂದು ನನ್ನ ಎರಡು ಕಾಲನ್ನೂ ಎತ್ತಿ ತೋರಿಸಿದೆ.

ಜನ ನಕ್ಕು ಚದುರಿದರು. ಚೌಡಯ್ಯ ಬಾಗಿಲು ಹಾಕಿ ಬಂದು ನಿಂತ. ಅವನ ಮುಖ ಕಪ್ಪಿಟ್ಟಿತ್ತು.

"ಏನೇ ಇದು?"

"ಕೂರೋ ಜಾಗ."

"ಮನೆ ತುಂಬ ಕುರ್ಚಿ ತಂದ್ ಮಡಗಿದ್ದೀನಲ್ಲೇ!"

"ಅವು ನಿನ್ನ ಕುರ್ಚಿಗೋಳು ಕಣಯ್ಯ. ಒಂದನ್ನಾದ್ರೂ ನನ್ನ ಸೊಂಟ ಕೇಳಿ ತಂದಿದ್ದಾ?"

ಅವನು ಗುಂಡಿಯ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ನಮ್ಮಪ್ಪ ಮಣ್ಣಲ್ಲಿ ಕುಂತ. ನನ್ನ ಎಡ್ತಿ ಅಂಗೆ ಕೂರ್ಬಾರ್ದು ಅಂತ ನಾನು ಒದ್ದಾಡ್ದೆ. ನೀನು ನೋಡುದ್ರೆ ನೆಲಕ್ಕಿಂತ್ಲೂವೆ ಕೆಳಿಕ್ಕೆ ಇಳ್ದುಬುಟ್ಟೆ. ಬೀಗ್ರು ಬಂದು ನೋಡುದ್ರೆ ಏನಂದಾರು?"

ಆ ಮಾತು ನನ್ನನ್ನು ನೋಯಿಸಿತು. ಅದರಲ್ಲಿ ಸುಳ್ಳಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

"ನಿಮ್ಮಪ್ಪನ್ನ ಬ್ಯಾರೆಯೋರು ಕೆಳಗೆ ಕೂರ್ಸಿದ್ರು. ನನ್ನ ಯಾರೂ ಕೂರುಸ್ನಿಲ್ಲ, ನಾನೇ ಕುಂತಿವ್ನಿ, ನನ್ನ ಮನೇಲಿ. ಅಕ, ಆ ಗೋಡೆ ಮ್ಯಾಲಿನ ಪಟ ನೋಡು. ಬುದ್ದನೂ ನೆಲದ್ ಮ್ಯಾಲೇ ಕುಂತವ್ನೆ. ಓಗು, ಅವನಿಗೂ ಒಂದ್ ಕುರ್ಚಿ ಕೊಡು."

ಅವನು ಪಟ ನೋಡಿದ, ನನ್ನನ್ನು ನೋಡಿದ, ಊಟ ಮಾಡದೆ ಮಲಗಿದ.

ಸೋತು ಸುಮ್ಮನಾದ ಎಂದುಕೊಂಡೆ. ಅರಿಶಿನದ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡಿದರೆ ಗುಂಡಿಯೇ ಇಲ್ಲ. ಬೆನ್ನಿನ ಬೋಲ್ಟು ಬಿಚ್ಚಿಟ್ಟು, ಹಲಗೆ ಮುಚ್ಚಿ, ಅದರ ಮೇಲೆ ಜಮಖಾನ ಹಾಸಿ, ಜಮಖಾನದ ಮೇಲೆ ಮಂಡ್ಯದ ಸೋಫಾ ಎಳೆದು ಇಟ್ಟಿದ್ದ. ಸಂಜೆಗೆ ಬೀಗರು ಬರುತ್ತಾರೆ, ಮನೆ ತುಂಬ ನೆಂಟರು, ಕೂಗಾಡುವ ಹಾಗಿಲ್ಲ. ನಾನು ನಿಂತಲ್ಲೇ ಅಳು ನುಂಗಿಕೊಂಡೆ. ಅಂಕಮ್ಮ ಆಗಲೇ ಹೊಸ ಸೀರೆ ಉಟ್ಟು ಬಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಮಂಜುಶ್ರೀ ಕೋಣೆಯಿಂದ ಹೊರಗೆ ಬಂದಳು. ಸೋಫಾ ನೋಡಿದಳು. ಅಪ್ಪನ ಮುಂದೆ ಹೋಗಿ ನಿಂತು, ಕಾಲೇಜಿನ ಭಾಷೆಯನ್ನೆಲ್ಲ ಬದಿಗಿಟ್ಟು, "ಅಪ್ಪ, ಅವ್ವ ಅವಳ ಗುಂಡೀಲಿ ಕೂರ್ನಿಲ್ಲ ಅಂದ್ರೆ ನಾನು ಅಸೆ ಮ್ಯಾಲೆ ಕೂರಕಿಲ್ಲ. ಬೀಗ್ರಿಗೆ ಏನ್ ಏಳ್ತಿಯೋ ಏಳು" ಅಂದಳು.

ಇವಳು ನನ್ನ ಮಗಳು! ಚೌಡಯ್ಯ ಸೋಫಾದ ಮುಂದಿನಿಂದ ಪಕ್ಕಕ್ಕೆ ಸರಿದ. ಮಹದೇವು ಮತ್ತು ಇನ್ನಿಬ್ಬರು ಹುಡುಗರು ಸೋಫಾ ಎತ್ತಿ ಹೊರಗೆ ಚಪ್ಪರದಲ್ಲಿ ಹಾಕಿದರು. ಕುರ್ಚಿಯ ಬೆನ್ನು ಮತ್ತೆ ತನ್ನ ಜಾಗಕ್ಕೆ ಬಂತು.

ಸಂಜೆ ಹಸೆ ಬರೆದರು. ನಾನು ಗುಂಡಿಯ ಅಂಚಿಗೆ ದಪ್ಪನೆಯ ಜಮಖಾನ ಮಡಿಸಿ ಹಾಕಿ ಕೂತೆ, ಪಾದ ಕಲ್ಲಿಗೆ ಊರಿದೆ. ಮಗಳ ಮಂಡಿ ನನ್ನ ಕೈಗೆ ಎಟಕುತ್ತಿತ್ತು. ಹೆಂಗಸರು ಸುತ್ತ ಸೇರಿದರು, ಅಂಕಮ್ಮನ ಭುಜ ನನ್ನ ಭುಜಕ್ಕೆ ತಾಗಿತು. ಮೊದಲ ಸೊಲ್ಲು ಎತ್ತಿದೆ. ನನ್ನ ದನಿ ಹೋಗಿ ಎದುರು ಸಾಲಿನ ಎದೆಗೆ ಬಿದ್ದು, ಅವರ ಬಾಯಿಂದ ದೊಡ್ಡದಾಗಿ ತಿರುಗಿ ಬಂತು. ಅಬ್ಬ, ಎಷ್ಟು ದಿನವಾಗಿತ್ತು!

ಬೀಗರು ಬಂದರು. ಚೌಡಯ್ಯ ಬಾಗಿಲ ಹತ್ತಿರ ನಿಂತು "ಕುರ್ಚಿ ಮ್ಯಾಲೆ ಬನ್ನಿ, ಕುರ್ಚಿ ಮ್ಯಾಲೆ" ಎಂದು ಬೇಡಿಕೊಳ್ಳುತ್ತಿದ್ದ. ಪ್ರಸನ್ನನ ಅವ್ವ ಕುರ್ಚಿಯ ಕಡೆ ತಿರುಗಿಯೂ ನೋಡದೆ ಹಾಡಿನ ಕಡೆ ಬಂದು ಚಾಪೆಯ ಮೇಲೆ ಕೂತರು. ಅವರ ಹಿಂದೆ ಉಳಿದ ಹೆಂಗಸರು. ಆಮೇಲೆ ಪ್ರಸನ್ನನ ಅಪ್ಪನೂ ಗೋಡೆಗೆ ಒರಗಿ ನೆಲದ ಮೇಲೇ ಕೂತರು. ನವಿಲಿನ ಕುರ್ಚಿ ಖಾಲಿ ಬಿತ್ತು.

ನೋವು ಬಂತು. ಬರದೆ ಇರುತ್ತದೆಯೇ, ಡಾಕ್ಟರು ಹೇಳಿದ್ದಾರಲ್ಲ. ಅರಿಶಿನ ಹಚ್ಚುವವರ ಸಾಲು ಇನ್ನೂ ಅರ್ಧ ಇರುವಾಗ ಸೊಂಟದ ಬಲಗಡೆ ಮೆಲ್ಲಗೆ ತಲೆಯೆತ್ತಿತು. ನನ್ನ ಸೊಲ್ಲು ಒಂದು ಗಳಿಗೆ ಅಳುಕಿತು. ಸೊಲ್ಲು ಎತ್ತಿಕೊಳ್ಳಲು ಅಂಕಮ್ಮ ಉಸಿರು ಎಳೆದುಕೊಂಡಿದ್ದು ನನಗೆ ಕೇಳಿಸಿತು. ನಾನು ಬಲಗಾಲನ್ನು ಕಲ್ಲಿನ ಮೇಲೆ ಮುಂದಕ್ಕೆ ಜಾರಿಸಿ, ಬೆನ್ನನ್ನು ಹಿಂದಕ್ಕೆ ಒರಗಿಸಿದೆ. ನೋವು ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ, ಹಿಡಿಯಲು ಏನೂ ಸಿಗದೆ ಇಳಿದುಹೋಯಿತು. ತಲೆಯೆತ್ತಿ ಬಾಗಿಲ ಕಡೆ ನೋಡಿದೆ. ಚೌಡಯ್ಯ ಎಂದಿನಂತೆ ಚೌಕಟ್ಟಿಗೆ ಒರಗಿ ನಿಂತಿದ್ದ, ಅವನ ಕಣ್ಣು ನನ್ನ ಮೇಲೆಯೇ ಇತ್ತು. ನಾನು ಅಳುಕಿದ್ದನ್ನು ಅವನು ಕಂಡಿದ್ದ, ಸಾವರಿಸಿಕೊಂಡಿದ್ದನ್ನೂ ಕಂಡಿದ್ದ. ಸೋಬಾನೆಯಲ್ಲಿ ಮನೆಯವರ ಹೆಸರು ಹಿಡಿದು ಕಟ್ಟಿ ಹಾಡುವುದು ವಾಡಿಕೆ. ನನ್ನ ಬಾಯಿಗೆ ಹೊಸ ಸೊಲ್ಲು ತಾನಾಗಿಯೇ ಬಂತು.

"ಜಗುಲೀಯ ಕೆಳಗಡೆ ಕುಂತ ಮರಿಯಯ್ಯನ ಮಗನು
ಮಗಳಿಗೆ ಹಸೆಯ ಬರೆಸವ್ನೆ — ಸೋಬಾನೆ
ನೆಲವೆಲ್ಲ ನಮದೇ ಕುಂತ್ಕೊಳ್ರೆ"

ಎದುರು ಸಾಲಿನವರು ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ಇಡೀ ನಡುಮನೆ "ನೆಲವೆಲ್ಲ ನಮದೇ ಕುಂತ್ಕೊಳ್ರೆ" ಎಂದು ಎತ್ತಿಕೊಂಡಿತು. ಬೀಗಿತ್ತಿಯೂ ಹಾಡಿದರು. ಅಂಕಮ್ಮ ಎಲ್ಲರಿಗಿಂತ ಜೋರಾಗಿ ಹಾಡಿದಳು, ನನ್ನ ಕೈ ಹಿಡಿದುಕೊಂಡು. ಮಂಜು ಅರಿಶಿನದ ಕೆನ್ನೆಯ ಮೇಲೆ ನೀರು ಹರಿಸಿಕೊಂಡು ನಗುತ್ತಿದ್ದಳು. ಚೌಡಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಸೆಕೆಗೆ ಎನ್ನುವ ಹಾಗೆ.

ಮಂಜು ಹಸೆಯಿಂದ ಏಳುವವರೆಗೆ ಸೊಲ್ಲು ತುಂಡಾಗಲಿಲ್ಲ. ಒಂದು ಸಲವೂ ಇಲ್ಲ. ಅವಳು ಎದ್ದ ಮೇಲೆ ನಾನೂ ಎದ್ದೆ, ಯಾರ ಕೈಯನ್ನೂ ಹಿಡಿಯದೆ, ಎಲ್ಲರ ಎದುರು. ಎದ್ದು ಮಗಳನ್ನು ತಬ್ಬಿಕೊಂಡೆ, ಬೀಗಿತ್ತಿಗೆ ಕುಂಕುಮ ಕೊಟ್ಟೆ.

ಕುಂಕುಮ ಕೊಟ್ಟು ತಿರುಗಿ ನೋಡಿದರೆ ನನ್ನ ಜಾಗದ ಪಕ್ಕದಲ್ಲಿ ಯಾರೋ ಕೂತಿದ್ದಾರೆ. ಬಿಳಿ ಪಂಚೆ ಮಂಡಿಯವರೆಗೆ ಎತ್ತಿಕೊಂಡು, ಎರಡು ಕಾಲನ್ನೂ ಗುಂಡಿಗೆ ಇಳಿಬಿಟ್ಟು, ನನ್ನ ಗಂಡ. ನಾಲ್ಕು ಜನರ ನಡುವೆ, ಹೆಂಗಸರ ಗುಂಪಿನಲ್ಲಿ, ಕೂತಿದ್ದ. ನನ್ನ ಪಾದ ಊರಿದ್ದ ಕಲ್ಲಿನ ಮೇಲೆ ತನ್ನ ಪಾದ ಇಟ್ಟು ನೋಡುತ್ತಿದ್ದ.

ಮಂಡಿ ಹಿಡಿದುಕೊಂಡು ಬಂದ ಅಂಕಮ್ಮ ಅವನ ತಲೆಯ ಮೇಲೆ ನಿಂತಳು. "ಚೌಡಣ್ಣ, ಏಳಣ್ಣ. ನನ್ಗೂ ಮಂಡಿ ನೋವು, ಒಸಿ ಕುಂತು ನೋಡ್ತೀನಿ."

ಬದುಕೆಲ್ಲ ಬೇರೆಯವರಿಗೆ ಜಾಗ ಬಿಟ್ಟುಕೊಟ್ಟು ನಿಂತ ಮನುಷ್ಯ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿ ನನ್ನನ್ನು ಕರೆದ.

"ಅದು ನನ್ನ ಎಡ್ತಿ ಜಾಗ, ಇದು ನಂದು. ನಾನು ಏಳಾಕಿಲ್ಲ ಓಗವ್ವ" ಅಂದ.